ಮಂಕಾದ ಬಣ್ಣ

ತುಂಗಭದ್ರೆಯ ದಂಡೆಯ ಮೇಲಿನ ಪುಟ್ಟ ಪ್ರಯೋಗಾಲಯದಲ್ಲಿ ಶಾಂತವೀರಯ್ಯ ಎಂಬ ಗುರುಗಳಿದ್ದರು. ಬೆಳಕಿನ ವಿಷಯ ಕಲಿಯಲು ಅವರ ಬಳಿಗೆ ಬಂದವಳು ಮುಬೀನಾ.

ಇಂಗಾಲದ ನ್ಯಾನೊಕೊಳವೆಗಳು ಕೂದಲೆಳೆಗಿಂತ ಹತ್ತಾರು ಸಾವಿರ ಪಟ್ಟು ಸಪುರ. ಅವಳ ಬಳಿ ಇದ್ದವು ಹಸಿರು ಬೆಳಕನ್ನು ಅಷ್ಟಾಗಿ ಹಿಡಿಯುತ್ತಿರಲಿಲ್ಲ. ಅದನ್ನು ಹಿಡಿಯಬಲ್ಲ ಬಣ್ಣದ ಅಣುಗಳನ್ನು ಕೊಳವೆಗಳಿಗೆ ಅಂಟಿಸಿದರೆ, ಆ ಶಕ್ತಿ ಕೊಳವೆಗೆ ದಾಟೀತೇ? ಮೂರು ವರ್ಷದಿಂದ ಮುಬೀನಾ ಹುಡುಕುತ್ತಿದ್ದುದು ಇದನ್ನೇ. ಒಂದು ವಾರದಲ್ಲಿ ಫಲ ಕಾಣದಿದ್ದರೆ ಕೆಲಸ ನಿಲ್ಲಿಸಬೇಕೆಂದು ಪರಿಶೀಲನಾ ಸಮಿತಿ ಹೇಳಿತ್ತು.

ಮರುದಿನ ಬೆಳಗ್ಗೆ ಅವಳು ಸೀಸೆ ಹಿಡಿದು ಬಂದಳು. ಹಸಿರು ಬೆಳಕು ಬಿದ್ದರೆ ಕಿತ್ತಳೆಯಾಗಿ ಹೊಳೆಯುತ್ತಿದ್ದ ಬಣ್ಣ, ಕೊಳವೆಗಳ ಜೊತೆ ಸೇರಿದೊಡನೆ ಮಂಕಾಗಿತ್ತು.

"ಬಣ್ಣ ಕೆಟ್ಟಿತು ಸರ್. ಚೆಲ್ಲಿಬಿಡುತ್ತೇನೆ."

"ಬೆಳಕನ್ನು ಈಗಲೂ ಹೀರುತ್ತಿದೆಯೇ?"

ಅಳೆದು ನೋಡಿ ಬಂದಳು. "ಹೀರುತ್ತಿದೆ."

"ಹೊರಗೆ ಬಿಡುತ್ತಿದೆಯೇ?"

"ಇಲ್ಲ."

"ಹಾಗಾದರೆ ತಗೊಂಡವರು ಯಾರು?"

ಶಾಖವಾಗಿ ಹೋಗಿರಬಹುದು ಎಂದಳು ಮುಬೀನಾ. ಇರಬಹುದು ಎಂದು ಗುರುಗಳೂ ಒಪ್ಪಿದರು. ಆಮೇಲೆ, ಕಣ್ಣಿಗೆ ಕಾಣುವ ಬೆಳಕನ್ನಷ್ಟೇ ಅಳೆಯುತ್ತಿದ್ದ ಅವಳ ಉಪಕರಣದ ಸ್ವಿಚ್ ಆರಿಸಿ, ಕಪಾಟಿನಿಂದ ಇನ್ನೊಂದನ್ನು ಇಳಿಸಿ ಕೊಟ್ಟರು. ಕೆಂಪಿನಾಚೆಯ, ಕಣ್ಣಿಗೆ ಕಾಣದ ಬೆಳಕನ್ನು ಅಳೆಯುವ ಉಪಕರಣ ಅದು.

ಹಳೆಯದು. ಜೋಡಿಸಿ ಸರಿಪಡಿಸುವಷ್ಟರಲ್ಲಿ ಎರಡು ದಿನ ಹೋದವು.

ಮೂರನೆಯ ದಿನ ಮಧ್ಯಾಹ್ನ ಬರೀ ಬಣ್ಣಕ್ಕೆ ಹಸಿರು ಬೆಳಕು ಹಾಯಿಸಿದಳು. ಪರದೆಯ ಮೇಲೆ ಗೆರೆ ಸಪಾಟು. ಬರೀ ಕೊಳವೆಗಳಿಗೆ ಹಾಯಿಸಿದಳು. ಹೆಚ್ಚುಕಡಿಮೆ ಸಪಾಟೇ. ಕೊನೆಗೆ, ಚೆಲ್ಲಬೇಕೆಂದಿದ್ದ ಸೀಸೆಯನ್ನಿಟ್ಟಳು.

ಗೆರೆ ಬೆಟ್ಟದಂತೆ ಎದ್ದಿತು.

ಬಣ್ಣ ಹೀರಿದ ಶಕ್ತಿಯನ್ನು ಪಡೆದು, ಕಣ್ಣಿಗೆ ಕಾಣದ ಬೆಳಕಿನಲ್ಲಿ ಬೆಳಗುತ್ತಿದ್ದುದು ಕೊಳವೆಗಳು. ನಂಬಲಾಗದೆ ಹೊಸ ದ್ರಾವಣ ಮಾಡಿ ಮತ್ತೆ ನೋಡಿದಳು, ಮತ್ತೂ ನೋಡಿದಳು. ಪ್ರತಿ ಸಲವೂ ಬೆಟ್ಟ ಎದ್ದಿತು. ಹಾಳೆ ಹಿಡಿದು, ಚಪ್ಪಲಿ ಮೆಟ್ಟುವುದನ್ನೂ ಮರೆತು, ಗುರುಗಳ ಕೋಣೆಗೆ ಓಡಿದಳು.

ಶಾಂತವೀರಯ್ಯನವರು ಹಾಳೆಯನ್ನು ನಿಧಾನವಾಗಿ ನೋಡಿದರು. ನೋಡಿ, ಅವಳಿಗಾಗಿ ಕುರ್ಚಿಯಿಂದ ಎದ್ದು ನಿಂತರು. ಶಿಷ್ಯರೊಬ್ಬರಿಗಾಗಿ ಅವರು ಎದ್ದದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

ಗಡುವಿನ ದಿನ ಸಮಿತಿಯವರು ಬಂದರು. ತಾವೇ ಅಳೆದು ನೋಡಿದರು. ಕೆಲಸ ನಿಲ್ಲಿಸುವ ಮಾತು ಆಮೇಲೆ ಯಾರ ಬಾಯಲ್ಲೂ ಬರಲಿಲ್ಲ.

ಪ್ರಬಂಧ ಬರೆಯಲು ಕೂತ ಮುಬೀನಾ ಒಂದು ವಾಕ್ಯದಲ್ಲಿ ತಡೆದಳು.

"ಸರ್, ಕೊಳವೆಗೆ ಸೇರಿದ ಮೇಲೆ ಬಣ್ಣ ಬೆಳಗಲಿಲ್ಲ ಎಂದು ಬರೆಯಲೇ?"

"ಬೆಳಗಿಸಿತು ಎಂದು ಬರಿ."