ಏಳರ ಮಗ್ಗಿ ಬರೆದವರು ಯಾರು

ಕೇಳಿ ಮಕ್ಕಳೇ, ಒಂದು ರಾಜ್ಯವಿತ್ತು. ರಾಜ್ಯಕ್ಕೆಲ್ಲ ಒಂದೇ ಹೈಸ್ಕೂಲು, ಹೈಸ್ಕೂಲಿಗೆಲ್ಲ ಒಂದೇ ಕಂಪ್ಯೂಟರು. ದೊರೆ ಅದನ್ನು ದೂರದೇಶದಿಂದ ಆನೆಯ ಮೇಲೆ ತರಿಸಿದ್ದ.

ಪುಟ್ಟಮಾದಯ್ಯ ಮೇಷ್ಟ್ರು ಒಂಬತ್ತನೇ ತರಗತಿಗೆ ಪ್ರೋಗ್ರಾಮ್ ಬರೆಯುವುದನ್ನು ಕಲಿಸುತ್ತಿದ್ದರು. ಕಂಪ್ಯೂಟರಿಗೆ ಸ್ವಂತ ಬುದ್ಧಿ ಇಲ್ಲ, ಹೇಳಿದಷ್ಟೇ ಮಾಡುತ್ತದೆ, ಸಾಲು ಸಾಲಾಗಿ ಹೇಳಬೇಕು ಎನ್ನುವುದು ಅವರ ಮೊದಲ ಪಾಠ. ಮಕ್ಕಳು ನಲವತ್ತು, ಕುರ್ಚಿ ಒಂದು. ಹಾಗಾಗಿ ಎಲ್ಲರೂ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಮೂರು ಪರೀಕ್ಷೆಯಲ್ಲೂ ಗೆದ್ದವರು ವರ್ಷವಿಡೀ ಕಂಪ್ಯೂಟರಿನ ಮುಂದೆ ಕೂರಬಹುದು. ನಕಲು ಮಾಡಿದವರಿಗೆ ಆ ತರಗತಿಯೇ ಇಲ್ಲ. ಇದು ದೊರೆಯ ಅಪ್ಪಣೆ.

ಕುಂಬಾರರ ಮಗಳು ಚಿಕ್ಕತಾಯಿಗೆ ಆ ಕುರ್ಚಿಯ ಮೇಲೆ ಬಹಳ ಆಸೆ. ಅವಳು ಬರೆದದ್ದನ್ನು ತಾನೇ ಕಂಪ್ಯೂಟರಾಗಿ, ಒಂದೊಂದು ಸಾಲನ್ನೂ ಬಾಯಲ್ಲಿ ನಡೆಸಿ ನೋಡುವಳು. ಅವಳ ಪಕ್ಕದ ಬೆಂಚಿನವನು ದಿವಾನರ ಮಗ ಇಂದುಧರ. ಅವನಿಗೆ ಕುರ್ಚಿಯ ಮೇಲೂ ಕಣ್ಣು, ಅವಳ ನೋಟ್‌ಬುಕ್ಕಿನ ಮೇಲೂ ಕಣ್ಣು.

ಮೊದಲ ಪರೀಕ್ಷೆಗೆ ಎರಡು ಅಂಕಿ ಕೂಡಿಸಬೇಕಿತ್ತು. ಅವಳು ಬರೆದಳು, ಅವನು ನೋಡಿ ಬರೆದ. ಎರಡನೆಯದಕ್ಕೆ ಮೂರರಲ್ಲಿ ದೊಡ್ಡ ಅಂಕಿ ಹುಡುಕಬೇಕಿತ್ತು. ಅವಳು ಬರೆದಳು, ಅವನು ನೋಡಿ ಬರೆದ. ಮೂರನೆಯದು ಏಳರ ಮಗ್ಗಿ. ಅದನ್ನೂ ಅವಳು ಬರೆದಳು, ಅವನು ನೋಡಿ ಬರೆದ. ಅಕ್ಷರ ಮಾತ್ರ ಅವಳದಕ್ಕಿಂತ ಅವನದೇ ದುಂಡಗಿತ್ತು.

ಎರಡೂ ಒಂದೇ ಥರ ಇದ್ದದ್ದನ್ನು ಮೇಷ್ಟ್ರು ನೋಡಿದರು. ಕಳ್ಳ ಯಾರೆಂದು ಅವರಿಗೆ ಗೊತ್ತಿತ್ತು, ಆದರೆ ದಿವಾನರ ಹೆಸರು ನೆನೆದು ಬಾಯಿ ಕಟ್ಟಿಹೋಯಿತು. ನಾವಾಗಿದ್ದರೆ ಹೇಳುತ್ತಿದ್ದೆವು ಅನ್ನಬೇಡಿ, ದಿವಾನರು ಈಗ ನಿಮ್ಮೆದುರಿಗಿಲ್ಲ.

ಇಬ್ಬರದೂ ಒಂದೇ ಥರ ಇದೆ ಎಂಬ ಮಾತು ಅರಮನೆಗೆ ಹೋಯಿತು. ಈ ಹುಡುಗಿಯೇ ನನ್ನದನ್ನು ನೋಡಿ ಬರೆದಳು ಎಂದು ಇಂದುಧರ ಹೇಳಿದ. ಸಭೆಯೆಲ್ಲ ಹೌದೆಂದು ತಲೆಯಾಡಿಸಿತು. ಚಿಕ್ಕತಾಯಿಗೆ ಅಳು ಬಂತು. ಕುರ್ಚಿ ಹಾಗಿರಲಿ, ಕಲಿಯುವುದೇ ತಪ್ಪಿಹೋಗುತ್ತಿತ್ತು. ಅವಳು ಕಣ್ಣೊರೆಸಿಕೊಂಡು ಕೈಮುಗಿದಳು.

"ಬುದ್ಧಿ, ಓಡಿಸಿ ನೋಡಿದ್ರೆ ಇಬ್ಬರದೂ ಸರಿಯಾಗೇ ಓಡುತ್ತೆ. ಒಂದು ಸಾಲು ಅಳಿಸಿದ್ರೆ ಏನಾಗುತ್ತೆ ಅಂತ ಕೇಳಿ. ಬರೆದೋರಿಗೆ ಗೊತ್ತಿರುತ್ತೆ."

ದೊರೆಗೆ ಈ ಮಾತು ಹಿಡಿಸಿತು. ನೋಟ್‌ಬುಕ್ಕಿನ ಮಗ್ಗಿಯಲ್ಲಿ 'ಎಣಿಕೆಗೆ ಒಂದು ಸೇರಿಸು' ಎಂಬ ಸಾಲಿನ ಮೇಲೆ ಬೆರಳಿಟ್ಟು, ಇದನ್ನು ಅಳಿಸಿದರೆ ಹೇಗೆ ಎಂದು ಕೇಳಿದ.

ಇಂದುಧರ ನೋಡಿದ. ಸಾಲು ಚಿಕ್ಕದು. ಅದಿಲ್ಲದಿದ್ದರೂ ನಡೆಯುತ್ತದೆ, ಏನೂ ಆಗುವುದಿಲ್ಲ ಎಂದ.

"ಒಂದರಲ್ಲೇ ಸುತ್ತುತ್ತಾ ಇರುತ್ತೆ ಬುದ್ಧಿ," ಎಂದಳು ಚಿಕ್ಕತಾಯಿ. "ಎರಡಕ್ಕೆ ಹೋಗೋದೇ ಇಲ್ಲ."

ಶಾಲೆಯ ಕಂಪ್ಯೂಟರನ್ನು ಸಭೆಗೆ ತರಿಸಿ, ಮಗ್ಗಿಯ ಪ್ರೋಗ್ರಾಮ್ ಹಾಕಿ, ಆ ಸಾಲು ಅಳಿಸಿ ಓಡಿಸಿದರು. ಏಳೊಂದ್ಲೆ ಏಳು. ಏಳೊಂದ್ಲೆ ಏಳು. ಏಳೊಂದ್ಲೆ ಏಳು. ಪರದೆ ತುಂಬಿತು, ಮತ್ತೆ ತುಂಬಿತು, ನಿಲ್ಲಲೇ ಇಲ್ಲ. ನಿನ್ನದೇ ಆದರೆ ನಿಲ್ಲಿಸು ಎಂದು ದೊರೆ ಇಂದುಧರನಿಗೆ ಹೇಳಿದ. ಅವನು ಸಿಕ್ಕಿದ ಗುಂಡಿಯನ್ನೆಲ್ಲ ಒತ್ತಿದ, ಕೊನೆಗೆ ಕಂಪ್ಯೂಟರಿಗೇ ಗದರಿದ. ದಿವಾನರು ಮೀಸೆ ಮುಟ್ಟಿಕೊಳ್ಳುತ್ತ ಗೋಡೆ ನೋಡಿದರು. ಚಿಕ್ಕತಾಯಿ ಬಂದು, ಪಾಠದಲ್ಲಿ ಹೇಳಿಕೊಟ್ಟಿದ್ದ ಎರಡು ಗುಂಡಿ ಒಟ್ಟಿಗೆ ಒತ್ತಿ ಅದನ್ನು ನಿಲ್ಲಿಸಿ, ಅಳಿಸಿದ ಸಾಲನ್ನು ಮತ್ತೆ ಬರೆದಳು. ಮಗ್ಗಿ ಎಪ್ಪತ್ತರ ತನಕ ಹೋಗಿ ನಿಂತಿತು.

ಕುರ್ಚಿ ಅವಳಿಗೆ ಸಿಕ್ಕಿತು. ಇಂದುಧರನಿಗೆ ತರಗತಿ ತಪ್ಪಿತು. ಅವನನ್ನು ಕ್ಷಮಿಸಿ ತರಗತಿಯಲ್ಲಿ ಕೂರಿಸಿ ಎಂದು ಕೇಳಲು ದಿವಾನರೇ ಪುಟ್ಟಮಾದಯ್ಯ ಮೇಷ್ಟ್ರ ಮನೆಬಾಗಿಲಿಗೆ ಹೋದರು. ಈ ಸಲ ಮೇಷ್ಟ್ರು ಬಾಯಿಬಿಟ್ಟು, ಆಗುವುದಿಲ್ಲ ಎಂದರು.

ನೋಡಿ ಬರೆದವನಿಗೆ ಉತ್ತರ ಸಿಗಬಹುದು ಮಕ್ಕಳೇ, ಅದು ಯಾಕೆ ಸರಿ ಎನ್ನುವುದು ಸಿಗುವುದಿಲ್ಲ. ಯಾರಾದರೂ ಅದನ್ನೇ ಕೇಳುವ ದಿನ ಬಂದೇ ಬರುತ್ತದೆ.