ಕೂಗದ ಯಂತ್ರ

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ರುಜುವಾತಾಗುವ ಮೊದಲೇ ಅನುಮಾನಪಡುವುದು ತಪ್ಪಲ್ಲವೇ?”

ಗುರುಗಳು ಹೇಳಿದರು:

ಒಂದು ಗಣಿಯಲ್ಲಿ ಒಂದು ನಿಯಮವಿತ್ತು. ವಿಷಗಾಳಿಯನ್ನು ಮೂಸುವ ಯಂತ್ರವನ್ನು ಅದರ ಜಾಗದಿಂದ ಕದಲಿಸಬಾರದು. ಆ ನಿಯಮವನ್ನು ಎಲ್ಲರೂ ಮುರಿದರು. ಕೆಲವರು ಕೈಯಿಂದ, ಕೆಲವರು ಕಣ್ಣಿನಿಂದ.

ಯಂತ್ರ ಅಂಗೈಯಗಲದ್ದು. ತಂತಿಯಿಲ್ಲ. ಗಾಳಿ ಕೆಟ್ಟರೆ ಸುರಂಗದಲ್ಲಿ ಕೂಗುತ್ತಿತ್ತು, ಮೇಲಿನ ಕಚೇರಿಯ ಪರದೆಗೂ ಸುದ್ದಿ ಮುಟ್ಟಿಸುತ್ತಿತ್ತು. ಬಂಡೆ ಸಿಡಿಸಿದಾಗಲೆಲ್ಲ ಮದ್ದಿನ ಹೊಗೆಗೆ ಕೂಗು. ಕೂಗು ಅಡಗುವವರೆಗೆ ಕೆಲಸ ಬಂದ್. ಬೇಸತ್ತ ಕೆಲಸಗಾರರು ಅದನ್ನು ಕಿತ್ತು, ಹೊಸ ಗಾಳಿ ಬರುವ ಕೊಳವೆಯ ಬಾಯಿಗೆ ಕಟ್ಟಿದರು. ಮೇಸ್ತ್ರಿ ಕಂಡೂ ಕಾಣದಂತಿದ್ದ. ಎಂಜಿನಿಯರು ಪರದೆಯ ಮೇಲಿನ ಸೊನ್ನೆ ನೋಡಿ ನೆಮ್ಮದಿಯಾಗಿದ್ದ.

ಗಣಿಯ ಬಾಯಲ್ಲಿ, ಕಚೇರಿಯ ಪರದೆ ಕಾಣುವಷ್ಟು ಹತ್ತಿರದಲ್ಲಿ, ದೀಪದ ಕೋಣೆ. ಅಲ್ಲಿ ತಲೆದೀಪ ಕೊಡುವವನೊಬ್ಬನಿದ್ದ. ಅವನಿಂದ ದೀಪ ಪಡೆಯದೆ ಯಾರೂ ಇಳಿಯುವಂತಿರಲಿಲ್ಲ. ಕೆಳಗೆ ನಡೆದದ್ದು ಅವನಿಗೆ ಗೊತ್ತಿರಲಿಲ್ಲ. ಆದರೆ ಕೆಲಸ ಮುಗಿಸಿ ದೀಪ ಹಿಂದಿರುಗಿಸುವವರ ಕಣ್ಣು ಕೆಂಪಾಗಿರುತ್ತಿತ್ತು. ತಲೆನೋವು ಎನ್ನದವರೇ ಇರಲಿಲ್ಲ. ಅವನ ಮನಸ್ಸಿಗೆ ಮುಳ್ಳು ಚುಚ್ಚಿತು.

ಒಂದು ಬೆಳಿಗ್ಗೆ ಕೇಳಿಯೇಬಿಟ್ಟ: “ಮೇಸ್ತ್ರಿಗಳೇ, ಹತ್ತು ದಿನದಿಂದ ಯಂತ್ರ ಕೂಗೇ ಇಲ್ಲ. ಬಂಡೆ ಸಿಡಿಸೋದು ಬಿಟ್ಟಿರೇನು?”

“ಕೂಗಿದರೆ ಬಯ್ಯುತ್ತೀರಿ, ಸುಮ್ಮನಿದ್ದರೂ ಬಿಡಲ್ಲ! ಪರದೆ ನೋಡಯ್ಯ, ಸೊನ್ನೆ. ಯಂತ್ರಕ್ಕಿಂತ ನಿನ್ನ ಮೂಗು ಚುರುಕೋ?”

“ದಿನಾ ಬಯ್ಯೋ ಅತ್ತೆ ಹತ್ತು ದಿನ ಬಾಯಿ ಬಿಟ್ಟಿಲ್ಲ ಅಂದರೆ, ಸೊಸೆ ಹುಷಾರಾಗಿರಬೇಕು ಸ್ವಾಮಿ.”

ಸಾಲಿನಲ್ಲಿ ನಿಂತ ನಲವತ್ತು ಜನ ನಕ್ಕರು. ಮೊದಲು ನಿಂತವನು ದೀಪ ಕೊಡುವವನ ತಮ್ಮ. ನಗದವನು ಅವನೊಬ್ಬನೇ.

“ಯಂತ್ರ ಎಲ್ಲಿದೆಯೋ?” ಎಂದು ಅಣ್ಣ ಕೇಳಿದ.

“ಇರೋ ಕಡೆ ಇದೆ. ದೀಪ ಕೊಡಣ್ಣ, ಹೊತ್ತಾಯ್ತು,” ಎಂದ ತಮ್ಮ, ನೆಲ ನೋಡುತ್ತಾ.

ಅಣ್ಣ ಚಾಚಿದ ದೀಪವನ್ನು ಹಿಂದಕ್ಕೆಳೆದುಕೊಂಡ. ಕೋಣೆಗೆ ಬೀಗ ಜಡಿದ. ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತ. ನೌಕರಿ ಕಳೆದುಕೊಳ್ಳುತ್ತೀಯ ಎಂದು ಮೇಸ್ತ್ರಿ ಗದರಿದ. ಅವನು ಏಳಲಿಲ್ಲ.

ಗುರುಗಳು ಅಲ್ಲಿಗೇ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

“ಆ ದಿನ ಕೆಳಗೆ ನಿಜವಾಗಿಯೂ ವಿಷಗಾಳಿ ಇತ್ತೇ, ಗುರುಗಳೇ?”

“ರುಜುವಾತಿಗೆ ಯಾರನ್ನು ಇಳಿಸೋಣ, ಹೇಳು.”