ದೊರೆಯ ಸೇರು, ಸಂತೆಯ ಕೊಸರು

“ಗುರುಗಳೇ, ಎದುರಿಗೆ ಬಂದು ನಿಲ್ಲುವ ಶತ್ರುವಿಗೆ ಕೋಟೆ ಕಟ್ಟಬಹುದು. ಸದ್ದಿಲ್ಲದೆ ಒಳಗೆ ಬಂದು, ನಮ್ಮವರನ್ನೇ ನಮ್ಮವರ ಮೇಲೆ ಎತ್ತಿಕಟ್ಟುವ ಶತ್ರುವಿಗೆ ಏನು ಕಟ್ಟಬೇಕು?” ಎಂದು ಶಿಷ್ಯ ಕೇಳಿದ.

ಈ ಶಿಷ್ಯ ಗಡಿನಾಡಿನ ಒಂದು ಪಟ್ಟಣದ ಕಾವಲು ಪಡೆಗೆ ನಾಯಕ. ಊರಿನಲ್ಲಿ ಯಾರನ್ನು ನಂಬಬೇಕೆಂದು ತಿಳಿಯದೆ ಕುದುರೆ ಹತ್ತಿ ಗುರುಗಳ ಬಳಿ ಬಂದಿದ್ದ. ಅರ್ಧ ಊರಿನ ಕೈಯಿಂದ ಆಯುಧ ಕಿತ್ತುಕೊಳ್ಳುವುದೆಂದು ಮನಸ್ಸಿನಲ್ಲಿ ಆಗಲೇ ನಿಶ್ಚಯಿಸಿಕೊಂಡಿದ್ದ. ಯಾವ ಅರ್ಧ ಎಂಬುದೊಂದೇ ಬಾಕಿ ಇತ್ತು.

ಗುರುಗಳು ಹಲವು ಊರಿನ ನೀರು ಕುಡಿದವರು. ಯಾವ ಊರನ್ನೂ ಪೂರ್ತಿ ಹೊಗಳಿದವರಲ್ಲ, ಪೂರ್ತಿ ತೆಗಳಿದವರೂ ಅಲ್ಲ.

“ಕುದುರೆಗೆ ನೀರು ಕುಡಿಸಿದೆಯಾ? ಹಾಗಾದರೆ ಕೂತುಕೋ, ಕೇಳು” ಎಂದರು.

ಒಂದು ಸಂತೆಯ ಊರು. ಹೊಳೆಯ ದಂಡೆಗೆ ಕೆಳಪೇಟೆ, ದಿಬ್ಬದ ಮೇಲೆ ಮೇಲುಪೇಟೆ. ಕೆಳಪೇಟೆಯವರು ಬೆಳೆಯುತ್ತಿದ್ದರು, ಮೇಲುಪೇಟೆಯವರು ಮಾರುತ್ತಿದ್ದರು. ಆ ಊರಿಗೆ ರಾಜನಿರಲಿಲ್ಲ. ಸಂತೆಯ ಯಜಮಾನಿಕೆ ಯಾರಿಗೋ ಊರಿನ ಯಜಮಾನಿಕೆಯೂ ಅವರಿಗೇ. ಆ ಕಾಲಕ್ಕೆ ಅದು ಎಳ್ಳು ಮಾರಿ ಬಾಳಿದ ಒಬ್ಬ ವ್ಯಾಪಾರಗಿತ್ತಿಯ ಪಾಲಿಗೆ ಬಂದಿತ್ತು. ಲೆಕ್ಕದಲ್ಲಿ ಗಟ್ಟಿ, ಮಾತಿನಲ್ಲಿ ಹರಿತ. ಜನ ಅವಳನ್ನು ಯಜಮಾನಮ್ಮ ಎನ್ನುತ್ತಿದ್ದರು.

ಹೊಳೆಯಾಚೆಯ ದೊರೆಗೆ ಆ ಸಂತೆಯ ಮೇಲೆ ಕಣ್ಣು. ಹಲವು ಸಲ ದಂಡು ಕಟ್ಟಿಕೊಂಡು ಬಂದ, ಬಂದ ದಾರಿ ಹಿಡಿದು ಹೋದ. ಊರಿನ ಗೋಡೆ ಅಂಥ ದೊಡ್ಡದೇನೂ ಆಗಿರಲಿಲ್ಲ. ಆದರೆ ದಂಡು ಬರುತ್ತದೆ ಎಂಬ ಸುದ್ದಿ ಬಂದೊಡನೆ ಎರಡು ಪೇಟೆಯ ಮನೆಗಳೂ ಕಾಳು ತಂದು ಊರ ಕಣಜಕ್ಕೆ ಸುರಿಯುತ್ತಿದ್ದವು. ಒಬ್ಬರ ಬಾಗಿಲನ್ನು ಇನ್ನೊಬ್ಬರು ಕಾಯುತ್ತಿದ್ದರು. ಹಸಿಯದ ಊರನ್ನು ಮುತ್ತಿಗೆ ಹಾಕಿ ಕೂತರೆ ಹಸಿಯುವವನು ಹೊರಗೆ ಕೂತವನೇ.

ದೊರೆ ದಂಡು ಕಳಿಸುವುದನ್ನು ನಿಲ್ಲಿಸಿದ. ಊರಿನವರು ಅವನಿಗೆ ಬುದ್ಧಿ ಬಂತು ಎಂದುಕೊಂಡರು. ನಿಜವಾಗಿಯೂ ಬಂದಿತ್ತು.

ಮಾರನೆಯ ವರ್ಷ ಸಂತೆಗೆ ಹೊಸ ಪಾತ್ರೆ ವ್ಯಾಪಾರಿಗಳು ಬಂದರು. ಥಳಥಳಿಸುವ ಹಿತ್ತಾಳೆ ಸೇರುಗಳು. ತಳದಲ್ಲಿ ಊರಿನದೇ ಮುದ್ರೆ. ಅಗ್ಗಕ್ಕೆ ಅಗ್ಗ. ಸವೆದ ಮರದ ಸೇರುಗಳನ್ನು ಒಲೆಗೆ ಹಾಕಿ ಜನ ಹಿತ್ತಾಳೆಯ ಸೇರು ಕೊಂಡರು. ಅದೇ ವ್ಯಾಪಾರಿಗಳು ಸಂಜೆ ಛತ್ರದ ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂರುತ್ತಿದ್ದರು. ಕೆಳಪೇಟೆಯವನು ಸಿಕ್ಕರೆ, “ಮೇಲುಪೇಟೆಯಲ್ಲಿ ಕೊಳ್ಳುವುದಕ್ಕೊಂದು ಸೇರು, ಮಾರುವುದಕ್ಕೊಂದು ಸೇರು ಅಂತೆ. ನಮಗೇನಪ್ಪ, ನಾವು ಪರದೇಶಿಗಳು” ಎನ್ನುತ್ತಿದ್ದರು. ಮೇಲುಪೇಟೆಯವನು ಸಿಕ್ಕರೆ ಅದೇ ಮಾತನ್ನು ತಿರುಗಿಸಿ ಹೇಳುತ್ತಿದ್ದರು.

ಮೊದಲು ಜಗಳ ಬಂದದ್ದು ಕೊಸರಿನ ಮೇಲೆ. ಸೇರು ಅಳೆದ ಮೇಲೆ ಮಾರುವವನು ಕೈಯಾರೆ ಒಂದು ಹಿಡಿ ಹೆಚ್ಚು ಹಾಕುವುದು ಆ ಊರಿನ ಹಳೆಯ ರೂಢಿ. “ಅವನಿಗೆ ದೊಡ್ಡ ಹಿಡಿ, ನಮಗೆ ಸಣ್ಣ ಹಿಡಿ. ತಮ್ಮ ಪೇಟೆಯವರಾದರೆ ಕೈ ಅಗಲವಾಗುತ್ತದೆ” ಎಂದು ದೂರು ಬಂತು. ಯಜಮಾನಮ್ಮ ನ್ಯಾಯಕ್ಕೆ ಹೆಸರಾದವಳು. ಕೊಸರನ್ನೇ ನಿಲ್ಲಿಸಿಬಿಟ್ಟಳು. ಸೇರಿನ ಬಾಯಿಯನ್ನು ಕೋಲಿನಿಂದ ಸವರಿ ಸಮ ಮಾಡಬೇಕು, ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಡಿಮೆಯಿಲ್ಲ ಎಂದು ಡಂಗುರ ಸಾರಿಸಿದಳು. ಬೀದಿ ಬೀದಿಗೆ ಅಳತೆ ನೋಡುವ ಆಳುಗಳನ್ನು ನಿಲ್ಲಿಸಿದಳು.

ಎಲ್ಲರೂ ಭೇಷ್ ಎಂದರು. ಊರು ಮಾತ್ರ ಕೆಟ್ಟಿತು.

ಹಿಂದೆ ಸೇರಿನಲ್ಲಿ ಚೂರು ಹೆಚ್ಚುಕಡಿಮೆಯಾದರೆ ಹಿಡಿ ಕೊಸರಿನಲ್ಲಿ ಅದು ಮುಚ್ಚಿಹೋಗುತ್ತಿತ್ತು. ಈಗ ಮುಚ್ಚುವುದಕ್ಕೆ ಏನೂ ಉಳಿಯಲಿಲ್ಲ. ಮನೆಗೆ ಹೋಗಿ ಅಳೆದು ನೋಡುವವರು ಹುಟ್ಟಿಕೊಂಡರು. ಅಳೆದವರಿಗೆಲ್ಲ ಮೋಸವೇ ಕಂಡಿತು. ಆಳುಗಳು ಮೇಲುಪೇಟೆಯಲ್ಲಿ ಒಂದು ಸಣ್ಣ ಸೇರು ಹಿಡಿದರೆ ಕೆಳಪೇಟೆ ಕೇಕೆ ಹಾಕಿತು. ಕೆಳಪೇಟೆಯಲ್ಲೂ ಒಂದು ಸಿಕ್ಕಿತು. ಮೇಲುಪೇಟೆ ಸುಮ್ಮನಿದ್ದೀತೇ? ಕುಂಬಳಕಾಯಿ ಕಳ್ಳ ಎಂದರೆ ತನ್ನ ಹೆಗಲು ಮುಟ್ಟಿ ನೋಡಿಕೊಳ್ಳುವ ಕಾಲ ಹೋಗಿ, ಪಕ್ಕದವನ ಹೆಗಲು ಮುಟ್ಟಿ ನೋಡುವ ಕಾಲ ಬಂತು.

ಅದೇ ಹೊತ್ತಿಗೆ ಹೊಳೆಯಾಚೆ ದಂಡು ಸೇರುತ್ತಿದೆ ಎಂದು ಬೇಹುಗಾರರು ಸುದ್ದಿ ತಂದರು. ಯಜಮಾನಮ್ಮ ಕಣಜದ ಬಾಗಿಲು ತೆರೆಸಿದಳು. ಒಬ್ಬರೂ ಬರಲಿಲ್ಲ. “ಅವರು ಮೊದಲು ಹಾಕಲಿ, ಆಮೇಲೆ ನಾವು” ಎಂದಿತು ಕೆಳಪೇಟೆ. ಮೇಲುಪೇಟೆಯೂ ಹಾಗೆಯೇ ಎಂದಿತು. ಖಾಲಿ ಕಣಜದಲ್ಲಿ ನಿಂತು ಅವಳು ಕೆಮ್ಮಿದರೆ ಕೆಮ್ಮು ನಾಲ್ಕು ಗೋಡೆಗೂ ಬಡಿದು ವಾಪಸು ಬಂತು. ಈ ಸಲ ಊರು ಉಳಿಯುವುದಿಲ್ಲ, ಅದೂ ತನ್ನ ಕೈಯಲ್ಲೇ ಹೋಗುತ್ತದೆ ಎಂದು ಅವಳಿಗೆ ಅನ್ನಿಸಿತು.

ಹೀಗಿರುವಾಗ ಒಬ್ಬ ರೈತ ಚೀಲ ಹೊತ್ತುಕೊಂಡು ಅವಳ ನ್ಯಾಯದ ಕಟ್ಟೆಗೆ ಬಂದ.

“ಯಜಮಾನಮ್ಮ, ನನಗೆ ಅನ್ಯಾಯವಾಗಿದೆ.”

“ನಿನಗೂ ಆಯಿತೇ? ಎಷ್ಟು ಕಡಿಮೆ ಬಂತಪ್ಪ?”

“ಕಡಿಮೆ ಅಲ್ಲ ತಾಯಿ, ಜಾಸ್ತಿ ಬಂದಿದೆ.”

“ಏನು ಹಾಗಂದರೆ?”

“ಮೇಲುಪೇಟೆಯಲ್ಲಿ ಹುರುಳಿ ತಂದೆ. ಮನೆಯಲ್ಲಿ ಅಳೆದರೆ ಸೇರಿಗೆ ಒಂದೊಂದು ಹಿಡಿ ಹೆಚ್ಚು. ಆ ಅಂಗಡಿಯವನು ಹೆಣ್ಣು ಕೊಟ್ಟ ಅಳಿಯನಿಗೂ ಹಿಡಿ ಹೆಚ್ಚು ಹಾಕಿದವನಲ್ಲ. ನನಗೇಕೆ ಹಾಕಿದ? ಇದರಲ್ಲಿ ಏನೋ ಮಸಲತ್ತಿದೆ. ಹುರುಳಿಗೆ ಏನೋ ಬೆರೆಸಿದ್ದಾರೆ. ಎತ್ತಿಗೂ ತಿನ್ನಿಸಿಲ್ಲ ನಾನು. ನೀವೇ ನೋಡಿ.”

ಯಜಮಾನಮ್ಮನಿಗೆ ನಗು ತಡೆಯಲಿಲ್ಲ. ನಗು ಅರ್ಧಕ್ಕೆ ಬಂದು ನಿಂತುಬಿಟ್ಟಿತು.

ಸಣ್ಣ ಸೇರಿನ ಮೇಲೆ ದೂರು ಬರುತ್ತದೆ. ದೊಡ್ಡ ಸೇರಿನ ಮೇಲೆ ಯಾರು ದೂರು ಕೊಡುತ್ತಾರೆ? ಆಳುಗಳು ಹುಡುಕಿದ್ದೂ ಸಣ್ಣದನ್ನೇ. ಅವಳು ಎರಡೂ ಪೇಟೆಯಿಂದ ಹಿತ್ತಾಳೆ ಸೇರುಗಳನ್ನು ತರಿಸಿ, ತನ್ನ ಅಜ್ಜಿಯ ಕಾಲದ ಮರದ ಸೇರಿಗೆ ಹಿಡಿದು ನೋಡಿದಳು. ಕೆಲವು ಕುಗ್ಗಿದ್ದವು, ಕೆಲವು ಹಿಗ್ಗಿದ್ದವು. ಯಾವ ಎರಡು ಸೇರೂ ಒಂದಕ್ಕೊಂದು ಹೊಂದಲಿಲ್ಲ. ಕಳ್ಳನಾದವನು ದೊಡ್ಡ ಸೇರು ಮಾಡಿಸುವುದಿಲ್ಲ. ಮಾಡಿಸಿದವನಿಗೆ ಬೇಕಾಗಿದ್ದದ್ದು ಕಾಳಲ್ಲ, ಜಗಳ. ಸೇರು ಮಾರಿದ ವ್ಯಾಪಾರಿಗಳನ್ನು ಹುಡುಕಿಸಿದರೆ ಛತ್ರದ ಜಗಲಿ ಆಗಲೇ ಖಾಲಿಯಾಗಿತ್ತು.

ಊರಿನ ಹಿರಿಯರು ಸೇರಿದರು. ಒಬ್ಬ ಹಿರಿಯ ಎದ್ದು, “ಇದು ದೊರೆಯ ಕೆಲಸ ಎಂದು ಈಗಲೇ ಡಂಗುರ ಹೊಡೆಸಿ” ಎಂದ.

“ಹೊಡೆಸಬಹುದು. ಮೇಲುಪೇಟೆಯವರು ದೊರೆಯ ಕಡೆಯವರು ಎಂದು ಕೆಳಪೇಟೆ ಹೇಳುತ್ತದೆ, ಕೆಳಪೇಟೆಯವರೇ ಎಂದು ಮೇಲುಪೇಟೆ. ಬಯ್ಯುವುದಕ್ಕೆ ಒಂದು ಹೊಸ ಮಾತು ಹುಡುಕಿಕೊಟ್ಟಂತಾಗುತ್ತದೆ, ಅಷ್ಟೇ” ಎಂದಳು ಯಜಮಾನಮ್ಮ.

“ಎಲ್ಲ ಸೇರನ್ನೂ ಕರಗಿಸಿ ಹೊಸದು ಮಾಡಿಸೋಣ.”

“ಮಾಡುವವನು ಯಾವ ಪೇಟೆಯವನಾಗಿರಬೇಕು, ಹೇಳಿ.”

“ನಮ್ಮವನು” ಎಂದು ಎರಡು ಕಡೆಯಿಂದಲೂ ದನಿ ಎದ್ದಿತು.

“ಮಾಡಿಸಿದೆವು ಎಂದೇ ಇಟ್ಟುಕೊಳ್ಳಿ. ಮುಂದಿನ ವರ್ಷ ದೊರೆ ತಕ್ಕಡಿ ಕಳಿಸುತ್ತಾನೆ. ಅದರಾಚೆ ವರ್ಷ ಇನ್ನೇನೋ. ನಾವು ಅವನ ಹಿಂದೆ ಓಡುತ್ತಲೇ ಇರಬೇಕೇ? ತಪ್ಪಿದ್ದು ನಾನು. ಅವನು ಸೇರು ಕೆಡಿಸಿದ. ಕೊಸರು ನಿಲ್ಲಿಸಿದವಳು ನಾನು” ಎಂದಳು.

ಮುಂದಿನ ಸಂತೆಯ ದಿನ ಯಜಮಾನಮ್ಮ ಕಟ್ಟೆ ಇಳಿದು ಬಂದು ಬೀದಿಯಲ್ಲಿ ಎಳ್ಳಿನ ರಾಶಿ ಹಾಕಿಕೊಂಡು ಕೂತಳು. ಸಿಕ್ಕಿದ್ದರಲ್ಲಿ ಅತಿ ಸಣ್ಣ ಸೇರನ್ನು ಎತ್ತಿ ಎಲ್ಲರಿಗೂ ತೋರಿಸಿದಳು.

“ಇದು ಕಳ್ಳ ಸೇರು. ನನಗೂ ಗೊತ್ತು, ನಿಮಗೂ ಗೊತ್ತು. ಇದರಲ್ಲೇ ಅಳೆಯುತ್ತೇನೆ. ಅಳೆದ ಮೇಲೆ ನೀವು ಸಾಕು ಎನ್ನುವವರೆಗೆ ಕೊಸರು ಹಾಕುತ್ತೇನೆ. ಯಾರು ಬರುತ್ತೀರಿ?”

ಕೆಳಪೇಟೆಯ ಒಬ್ಬ ಮುದುಕಿ ಮುಂದೆ ಬಂದಳು. ಹಾಗಲಕಾಯಿ ಕೊಂಡರೆ ಕೊಸರಿಗೆ ಕುಂಬಳಕಾಯಿ ಕೇಳುವವಳು ಎಂದು ಹೆಸರಾದವಳು. ಅವಳನ್ನು ಕಂಡು ಹಿರಿಯರು ಹಣೆ ಚಚ್ಚಿಕೊಂಡರು. ಮುದುಕಿ ಸೆರಗೊಡ್ಡಿದಳು. ಯಜಮಾನಮ್ಮ ಒಂದು ಸೇರು ಅಳೆದಳು. ಒಂದು ಹಿಡಿ ಹಾಕಿದಳು. ಮುದುಕಿ ಮಾತಾಡಲಿಲ್ಲ. ಇನ್ನೊಂದು ಹಾಕಿದಳು. ಮುದುಕಿ ಆಕಾಶ ನೋಡಿದಳು. ಮತ್ತೆ ಹಾಕಿದಳು, ಮತ್ತೆ ಹಾಕಿದಳು. ರಾಶಿ ತಗ್ಗಿತು, ಸೆರಗು ಜೋತುಬಿತ್ತು. ಈಕೆ ಸಾಕು ಎನ್ನದಿದ್ದರೆ ಗೆದ್ದವನು ದೊರೆ ಎಂದು ಯಜಮಾನಮ್ಮನಿಗೆ ಗೊತ್ತಿತ್ತು. ಆದರೂ ಅವಳ ಹಿಡಿ ಸಣ್ಣದಾಗಲಿಲ್ಲ.

ಆಗ ಮೇಲುಪೇಟೆಯ ಒಬ್ಬ ಅಂಗಡಿಯವನು ಹಿಂದಿನಿಂದ ಕೂಗಿದ: “ಅಜ್ಜೀ, ಗಾಡಿ ಕಟ್ಟಿಸಲೇನು?”

ಸಂತೆಗೆ ಸಂತೆಯೇ ನಕ್ಕಿತು. ಎಷ್ಟೋ ತಿಂಗಳಿಂದ ಎರಡು ಪೇಟೆಗಳು ಒಂದೇ ಮಾತಿಗೆ ನಕ್ಕಿರಲಿಲ್ಲ.

“ಹಲ್ಲು ಕಿರಿಯಬೇಡವೋ!” ಎಂದಳು ಮುದುಕಿ. “ಯಜಮಾನಮ್ಮನ ಕೈ ಎಲ್ಲಿ ಸೋಲುತ್ತದೋ ನೋಡೋಣ ಅಂತ ಸುಮ್ಮನಿದ್ದೆ. ಸೋಲಲಿಲ್ಲ, ಪುಣ್ಯಾತ್ಗಿತ್ತಿ. ಸಾಕು ತಾಯಿ, ಸಾಕು.” ತನ್ನ ಸೆರಗಿನಿಂದ ಎರಡು ಕೈ ತುಂಬ ಎಳ್ಳು ಬಾಚಿ ರಾಶಿಗೆ ವಾಪಸು ಹಾಕಿದಳು. “ತಗೋ. ಇದು ನನ್ನ ಕಡೆಯ ಕೊಸರು.”

ಕೊಂಡವರು ಮಾರಿದವರಿಗೆ ಕೊಸರು ಹಾಕಿದ್ದನ್ನು ಆ ಊರು ಕಂಡದ್ದು ಅದೇ ಮೊದಲು.

ಅವತ್ತಿನಿಂದ ಸವರುವ ಕೋಲುಗಳು ಮೂಲೆ ಸೇರಿದವು. ಸೇರುಗಳನ್ನು ಯಾರೂ ಒಡೆಯಲಿಲ್ಲ, ಕರಗಿಸಲೂ ಇಲ್ಲ. ಸಣ್ಣ ಸೇರಿನವನು ದೊಡ್ಡ ಹಿಡಿ ಹಾಕುತ್ತಿದ್ದ. ದೊಡ್ಡ ಸೇರಿನವನಿಗೆ ಕೊಂಡವನೇ ಬೇಗ ಸಾಕು ಎನ್ನುತ್ತಿದ್ದ. ಮುಖ ಮುಖ ನೋಡಿಕೊಂಡು ಸಾಕು ಎಂದ ಮೇಲೆ ಮನೆಗೆ ಹೋಗಿ ಅಳೆಯುವುದಕ್ಕೆ ನಾಚಿಕೆಯಾಗುತ್ತದೆ. ಒಂದಿಬ್ಬರು ಸಾಕು ಎನ್ನದೆ ನೋಡಿದರು. ಜನ ಅವರಿಗೆ ಗಾಡಿ ಕಟ್ಟಿಸಲೇನು ಎಂದು ಕೇಳಿದರು. ಮತ್ತೆ ಹಾಗೆ ಮಾಡಲಿಲ್ಲ. ಕಣಜದ ಬಾಗಿಲು ತೆರೆದಾಗ ಯಾರು ಮೊದಲು ಎಂದು ಯಾರೂ ಕೇಳಲಿಲ್ಲ. ಒಬ್ಬೊಬ್ಬರೂ ತಂತಮ್ಮ ಸೊಟ್ಟ ಸೇರಿನಲ್ಲೇ ಅಳೆದು ಸುರಿದರು, ಮೇಲೊಂದು ಕೊಸರು ಹಾಕಿದರು. ಕೊಸರಿನದೇ ಒಂದು ಗುಡ್ಡೆಯಾಯಿತು.

ಬೆಳೆ ಕೊಯ್ಲಾದ ಮೇಲೆ ದೊರೆ ಬಂದ. ಊರಿನ ಸುತ್ತ ಪಾಳೆಯ ಹೂಡಿದ. ಗೋಡೆ ಏರುವ ಆತುರ ತೋರಿಸಲಿಲ್ಲ. ಒಳಗೆ ಬೆಂಕಿ ಹಚ್ಚಲು ತನ್ನವನೊಬ್ಬನನ್ನು ಊರಿನಲ್ಲೇ ಉಳಿಸಿಕೊಂಡಿದ್ದ.

ಒಂದು ಬೆಳಿಗ್ಗೆ ಕೆಳಪೇಟೆಯ ಬಾವಿಕಟ್ಟೆಯಲ್ಲಿ ಒಬ್ಬ ಎದೆ ಬಡಿದುಕೊಂಡು ಅರಚಿದ: “ಅಯ್ಯೋ, ಕೆಟ್ಟೆವು! ಮೇಲುಪೇಟೆಯವರು ಕೋಟೆ ಬಾಗಿಲನ್ನು ದೊರೆಗೆ ಮಾರಿಬಿಟ್ಟರು!”

ಗೋಡೆಯ ಮೇಲಿದ್ದ ಯಜಮಾನಮ್ಮನಿಗೆ ಆ ಕೂಗು ಕೇಳಿತು. ಮೆಟ್ಟಿಲು ಇಳಿದು ಓಡಿದಳು. ಕೆಲವು ತಿಂಗಳ ಹಿಂದಾಗಿದ್ದರೆ ಇದೊಂದು ಮಾತಿಗೆ ಕೊಡಲಿಗಳು ಹೊರಬರುತ್ತಿದ್ದವು. ಅವಳು ಬಾವಿಯ ಬಳಿ ಬರುವಷ್ಟರಲ್ಲಿ ಜನ ನೆರೆದಿತ್ತು. ಆ ಮುದುಕಿ ಕೊಡ ಕೆಳಗಿಟ್ಟು, ಸೊಂಟದ ಮೇಲೆ ಕೈ ಇಟ್ಟು ಕೇಳುತ್ತಿದ್ದಳು:

“ಮಾರಿದರೇ? ಕೊಸರು ಎಷ್ಟು ಹಾಕಿದರಂತೆ?”

ಬಾವಿಕಟ್ಟೆ ಬಿದ್ದುಬಿದ್ದು ನಕ್ಕಿತು. ನಗು ಬೀದಿ ಹತ್ತಿ ಮೇಲುಪೇಟೆಗೆ ಹೋಯಿತು. ಅಲ್ಲಿ ಬಾಗಿಲು ಕಾಯುತ್ತಿದ್ದವರೂ ನಕ್ಕರು. ಅವರಲ್ಲಿ ಅರ್ಧ ಜನ ಕೆಳಪೇಟೆಯವರೇ. ಇಡೀ ಊರಿನಲ್ಲಿ ನಗದೆ ನಿಂತವನು ಒಬ್ಬನೇ. ಅವನನ್ನು ಹಿಡಿಯುವುದಕ್ಕೆ ಬೇಹುಗಾರರು ಬೇಕಾಗಲಿಲ್ಲ.

“ಕಡಿದು ಹಾಕೋಣ” ಎಂದರು ಕೆಲವರು.

“ಬೇಡ. ಪಾಪ, ಬಹಳ ದಿನದಿಂದ ನಮ್ಮೂರಿನ ಉಪ್ಪು ತಿಂದಿದ್ದಾನೆ” ಎಂದಳು ಯಜಮಾನಮ್ಮ. ದೊರೆಯ ಸೇರಿನಲ್ಲೇ ಒಂದು ಸೇರು ಎಳ್ಳು ಅಳೆಸಿ, ಮೇಲೆ ಕೊಸರು ಹಾಕಿಸಿ, ಗಂಟು ಕಟ್ಟಿ ಅವನ ಕೈಗೆ ಕೊಟ್ಟಳು. ಹಗಲು ಹೊತ್ತಿನಲ್ಲಿ ಹೆಬ್ಬಾಗಿಲಿನಿಂದಲೇ ಹೊರಗೆ ಬಿಡಿಸಿದಳು. ಬಾಗಿಲು ತೆರೆದು ಮುಚ್ಚಿದ್ದನ್ನು ಇಡೀ ದಂಡು ನೋಡಿತು, ಒಳಗೆ ಹೆಗಲಿಗೆ ಹೆಗಲು ಕೊಟ್ಟು ನಿಂತವರನ್ನೂ ನೋಡಿತು.

ದೊರೆ ಇನ್ನೂ ಕೆಲವು ದಿನ ಕೂತ. ಊರಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಲೇ ಇತ್ತು. ಅವನ ಪಾಳೆಯದಲ್ಲಿ ಮಾತ್ರ ಪಡಿ ಅಳೆಯುವಾಗ ಜಗಳ ಎದ್ದಿತು. ಸಂತೆಗೆ ಕಳಿಸಿ ಮಿಕ್ಕಿದ್ದ ಸೇರುಗಳನ್ನೇ ಉಗ್ರಾಣದವರು ಉಳಿತಾಯವಾಗಲಿ ಎಂದು ದಂಡಿನ ಜೊತೆ ತಂದಿದ್ದರು. ಕುದುರೆಯವರಿಗೆ ಹೆಚ್ಚು ಬಂತು, ಕಾಲಾಳಿಗೆ ಕಡಿಮೆ ಬಂತು. ಅಲ್ಲಿ ಕೊಸರು ಹಾಕುವವರು ಯಾರೂ ಇರಲಿಲ್ಲ. ಒಂದು ಮುಂಜಾನೆ ಡೇರೆಗಳು ಬಿಚ್ಚಿದವು. ಊರಿನವರು ಗೋಡೆ ಹತ್ತಿ ಕಹಳೆ ಊದಿದರು, ತಮಟೆ ಬಡಿದರು. ಮೇಲುಪೇಟೆಯವರು ಕೆಳಪೇಟೆಯವರನ್ನು ಹೆಗಲ ಮೇಲೆ ಹೊತ್ತು ಕುಣಿದರು. ಮುದುಕಿ ತನ್ನನ್ನು ಹೊತ್ತವನಿಗೆ, “ಇನ್ನೊಂದು ಸುತ್ತು ಹಾಕಪ್ಪ, ಕೊಸರಿಗೆ” ಎಂದಳಂತೆ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಇಲ್ಲವೆಂಬಂತೆ ತಲೆಯಾಡಿಸಿದ. “ಆ ಊರಿನವರು ಒಳ್ಳೆಯವರು ಗುರುಗಳೇ, ಅದಕ್ಕೇ ಗೆದ್ದರು. ನಮ್ಮೂರಿನವರನ್ನು ನೀವು ಕಂಡಿಲ್ಲ. ನಮ್ಮಲ್ಲಿ ಮೊದಲು ಕೈ ಚಾಚುವವರೇ ಇಲ್ಲ.”

“ಇಲ್ಲಿಗೆ ಹೊರಡುವಾಗ ನಿನ್ನ ಮನೆಯ ಬೀಗದ ಕೈಯನ್ನು ಯಾರ ಹತ್ತಿರ ಕೊಟ್ಟು ಬಂದೆ?” ಎಂದು ಗುರುಗಳು ಕೇಳಿದರು.

ಶಿಷ್ಯನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಬೀಗದ ಕೈ ಅಲ್ಲೇ ಇತ್ತು.